ಕಷ್ಟಕಾಲದಲ್ಲಿ ಹಾಡಿದ ದೈವಭಕ್ತನಾದ ಪೌಲ್ ಗೆರ್ಹಾರ್ಟ್

ಬೆಳೆ ಚೆನ್ನಾಗಿ ಬಂದ ವರುಷದಲ್ಲಿ ದೇವರಿಗೆ ಸ್ತೋತ್ರ ಹಾಡುವದು ಯಾರಿಗೂ ಭಾರವಾಗಿ ತೋರುವದಿಲ್ಲ. ಸುಗ್ಗಿಯ ಹಬ್ಬದ ದಿವಸ ಹೊಸ ಧಾನ್ಯವನ್ನೂ ಕಾಯಿಪಲ್ಯವನ್ನೂ ಆಲಯಕ್ಕೆ ತಂದು ದೇವರ ಮುಂದೆ ಇಟ್ಟು ಹಾಡುವಾಗ ನಮ್ಮ ಸ್ವರವು ತಾನಾಗಿಯೇ ಮೇಲೇಳುತ್ತದೆ. ಆದರೆ ಮಳೆ ಹಿಂದೆಗೆದು ಹೊಲ ಒಣಗಿ ನಿಂತಾಗ, ಸಾಲ ಕೊಟ್ಟವನು ಬಾಗಿಲಿಗೆ ಬಂದು ಕೂತಾಗ, ಮನೆಯೊಳಗೆ ಮಗು ಜ್ವರದಿಂದ ನರಳುತ್ತಿರುವಾಗ ಅದೇ ಹಾಡು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಪೊಸ್ತಲನಾದ ಪೌಲನು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯ ಸಭೆಯವರಿಗೆ ಯಾವಾಗಲೂ ಸಂತೋಷಿಸಬೇಕೆಂದು ಬರೆದದ್ದನ್ನು ನಾವೆಲ್ಲರೂ ಓದಿ ಬಲ್ಲೆವು. ಓದುವದು ಸುಲಭ, ಬರಿದಾದ ಗಡಿಗೆಯ ಮುಂದೆ ಕೂತು ಅದನ್ನು ನಂಬುವದು ಸುಲಭವಲ್ಲ.

ನಾವು ಹಳ್ಳಿಹಳ್ಳಿಗೆ ಹೋಗಿ ಸಭೆಯವರ ಮನೆಗಳಲ್ಲಿ ಪ್ರಾರ್ಥಿಸುವಾಗ ಈ ವಿಷಯದಲ್ಲಿ ಎರಡು ವಿಧವಾದ ಮಾತುಗಳನ್ನು ಕೇಳಿದ್ದೇವೆ. ಕೆಲವರು ತಮ್ಮ ಮೇಲೆ ಕಷ್ಟ ಬಂದೊಡನೆ ದೇವರು ತಮ್ಮನ್ನು ಕೈಬಿಟ್ಟನೆಂದು ಕುಗ್ಗಿಹೋಗುತ್ತಾರೆ. ಹಳೆಯ ನೆಂಟರೂ ನೆರೆಯವರೂ ನಿಮ್ಮ ದೇವರು ನಿಮಗೆ ಏನು ಕೊಟ್ಟನೆಂದು ಹಾಸ್ಯಮಾಡುವಾಗ ಅವರಿಗೆ ಉತ್ತರ ತೋಚುವದಿಲ್ಲ. ಬೇರೆ ಕೆಲವರು ನಂಬಿಕೆಯುಳ್ಳವನು ಅಳಲೇಬಾರದು, ಅತ್ತರೆ ಅವನ ನಂಬಿಕೆಯಲ್ಲಿ ಕೊರತೆಯುಂಟೆಂದು ನೊಂದವರ ಮೇಲೆ ಇನ್ನೊಂದು ಹೊರೆಯನ್ನು ಹೊರಿಸುತ್ತಾರೆ. ಈ ಎರಡು ಮಾತುಗಳೂ ಸರಿಯಲ್ಲವೆಂಬದನ್ನು ತನ್ನ ಜೀವಮಾನದಿಂದಲೇ ತೋರಿಸಿಕೊಟ್ಟ ಒಬ್ಬ ಸಭಾಪಾಲಕನ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ. ಆತನು ಜರ್ಮನಿ ದೇಶದ ಪೌಲ್ ಗೆರ್ಹಾರ್ಟ್. ಆತನು ಬರೆದ ಸಂಗೀತಗಳು ಮುನ್ನೂರೈವತ್ತು ವರುಷಗಳಿಗಿಂತ ಹೆಚ್ಚು ಕಾಲದಿಂದ ಕ್ರಿಸ್ತನ ಸಭೆಯನ್ನು ಸಂತೈಸುತ್ತಾ ಬಂದಿವೆ.

ಗೆರ್ಹಾರ್ಟನು ೧೬೦೭ನೆಯ ಇಸವಿ ಮಾರ್ಚ್ ೧೨ರಂದು ಸಾಕ್ಸನಿ ಸೀಮೆಯ ಗ್ರೇಫೆನ್‌ಹೈನಿಖೆನ್ ಎಂಬ ಚಿಕ್ಕ ಪಟ್ಟಣದಲ್ಲಿ ಹುಟ್ಟಿದನು. ಅದು ಹೊಲಗದ್ದೆಗಳ ನಡುವೆ ಇದ್ದ ಊರು. ತಂದೆಯು ಊರಿನ ಮುಖಂಡರಲ್ಲೊಬ್ಬನಾಗಿ ಮರ್ಯಾದೆಯಿಂದ ಬಾಳುತ್ತಿದ್ದನು. ಹುಡುಗನಿಗೆ ಹನ್ನೊಂದು ವರುಷವಾದಾಗ, ಅಂದರೆ ೧೬೧೮ರಲ್ಲಿ, ಆ ದೇಶದಲ್ಲಿ ಒಂದು ಘೋರ ಯುದ್ಧವು ಹತ್ತಿಕೊಂಡಿತು. ಅದು ಮೂವತ್ತು ವರುಷಗಳ ವರೆಗೂ ಆರಲಿಲ್ಲ. ಮರುವರುಷ ಅವನ ತಂದೆ ತೀರಿಹೋದನು. ೧೬೨೧ರಲ್ಲಿ ತಾಯಿಯೂ ತೀರಿಹೋದಳು. ಹೀಗೆ ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ತಬ್ಬಲಿಯಾದನು. ನಮ್ಮ ಸಭೆಗಳಲ್ಲಿಯೂ ಇಂಥ ಮಕ್ಕಳುಂಟು. ಆ ವಯಸ್ಸಿನಲ್ಲಿ ಮನೆಯ ಆಸರೆ ಇಲ್ಲದೆ ಹೋಗುವದೆಂದರೇನೆಂಬದು ಅವರಿಗೆ ಗೊತ್ತು.

ಮರುವರುಷ ಅವನನ್ನು ಗ್ರಿಮ್ಮಾ ಎಂಬ ಊರಿನ ಪಾಠಶಾಲೆಗೆ ಸೇರಿಸಿದರು. ಅಲ್ಲಿ ಐದು ವರುಷ ಕಲಿತು ೧೬೨೮ರಲ್ಲಿ ಅವನು ವಿಟ್ಟೆನ್‌ಬೆರ್ಗಿನ ವಿದ್ಯಾಪೀಠಕ್ಕೆ ಹೋದನು. ಲೂಥರನು ನೂರು ವರುಷಗಳ ಹಿಂದೆ ಸುವಾರ್ತೆಯನ್ನು ಸಾರಿದ ಊರು ಇದೇ. ಅಲ್ಲಿ ದೇವಶಾಸ್ತ್ರವನ್ನು ಅಭ್ಯಾಸಮಾಡುತ್ತಾ, ಶ್ರೀಮಂತರ ಮನೆಯ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆಹೊರೆಯುತ್ತಾ ಅನೇಕ ವರುಷಗಳನ್ನು ಕಳೆದನು. ಯುದ್ಧವಾದರೋ ನಿಲ್ಲಲಿಲ್ಲ. ದಂಡಿನವರು ಒಂದು ಸಾರಿ ಈ ಕಡೆಯಿಂದ, ಒಂದು ಸಾರಿ ಆ ಕಡೆಯಿಂದ ಬಂದು ಧಾನ್ಯವನ್ನು ಸುಲಿದುಕೊಂಡು, ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಅವರು ಹೋದ ಮೇಲೆ ಬರವೂ ಬರದ ಹಿಂದೆ ಸಾಂಕ್ರಾಮಿಕ ರೋಗವೂ ಬರುತ್ತಿದ್ದವು. ೧೬೩೭ರಲ್ಲಿ ಸ್ವೀಡನ್ ದೇಶದ ಸೈನಿಕರು ಗ್ರೇಫೆನ್‌ಹೈನಿಖೆನ್ ಪಟ್ಟಣಕ್ಕೆ ಬೆಂಕಿಯಿಟ್ಟರು. ಆತನು ಹುಟ್ಟಿ ಬೆಳೆದ ಊರು ಸುಟ್ಟು ಬೂದಿಯಾಯಿತು. ಅದೇ ವರುಷ ಅಣ್ಣನಾದ ಕ್ರಿಸ್ತಿಯಾನನು ಮಹಾರೋಗಕ್ಕೆ ಬಲಿಯಾದನು. ಆಗ ಗೆರ್ಹಾರ್ಟನಿಗೆ ಮೂವತ್ತು ವರುಷ. ತಂದೆತಾಯಿಗಳಿಲ್ಲ, ಅಣ್ಣನಿಲ್ಲ, ಹುಟ್ಟೂರೂ ಇಲ್ಲ, ಕೈಯಲ್ಲಿ ಒಂದು ಉದ್ಯೋಗವೂ ಇಲ್ಲ.

ಸುಮಾರು ೧೬೪೩ರಲ್ಲಿ ಆತನು ಬೆರ್ಲಿನ್ ಪಟ್ಟಣಕ್ಕೆ ಹೋಗಿ, ಬೆರ್ತೋಲ್ಡ್ ಎಂಬ ವಕೀಲನ ಮನೆಯಲ್ಲಿ ಮಕ್ಕಳ ಉಪಾಧ್ಯಾಯನಾಗಿ ನಿಂತನು. ಜತೆಯಲ್ಲಿ ಓದಿದವರು ಸಭಾಪಾಲಕರಾಗಿ ಹೆಂಡತಿಮಕ್ಕಳೊಡನೆ ಸಂಸಾರ ಹೂಡುವ ವಯಸ್ಸಿನಲ್ಲಿ ಈತನು ಇನ್ನೊಬ್ಬರ ಮನೆಯಲ್ಲಿ ಅನ್ನ ತಿಂದುಕೊಂಡಿದ್ದನು. ಯುದ್ಧದಿಂದ ಹಾಳಾದ ದೇಶದಲ್ಲಿ ಸಭಾಪಾಲಕನನ್ನು ಕರೆದು ಸಾಕುವ ಶಕ್ತಿ ಎಷ್ಟು ಊರುಗಳಿಗೆ ಇದ್ದೀತು? ಆದರೂ ದೇವರು ಆ ಕಾಯುವ ವರುಷಗಳನ್ನು ವ್ಯರ್ಥವಾಗಗೊಡಿಸಲಿಲ್ಲ. ಬೆರ್ಲಿನಿನ ಸಂತ ನಿಕೊಲಾಯ ಆಲಯದಲ್ಲಿ ಯೋಹಾನ್ ಕ್ರ್ಯೂಗರ್ ಎಂಬ ಸಂಗೀತಾಧ್ಯಕ್ಷನಿದ್ದನು. ಈತನು ಗೆರ್ಹಾರ್ಟನ ಗೀತೆಗಳನ್ನು ನೋಡಿ ಮೆಚ್ಚಿ, ಅವುಗಳಿಗೆ ರಾಗ ಕಟ್ಟಿ, ೧೬೪೭ರಲ್ಲಿ ಅಚ್ಚಾದ ತನ್ನ ಸಂಗೀತ ಪುಸ್ತಕದಲ್ಲಿ ೧೮ ಗೀತೆಗಳನ್ನು ಸೇರಿಸಿದನು. ಉದ್ಯೋಗವಿಲ್ಲದ ಒಬ್ಬ ಬಡ ಉಪಾಧ್ಯಾಯನ ಮಾತುಗಳು ಹೀಗೆ ಸಭೆಯ ಬಾಯಿಗೆ ಬಂದವು.

೧೬೪೮ರಲ್ಲಿ ಯುದ್ಧವು ಮುಗಿದು ಸಮಾಧಾನವಾಯಿತು. ಆದರೆ ಸಮಾಧಾನದ ಪತ್ರಕ್ಕೆ ರುಜು ಬಿದ್ದ ಮಾತ್ರಕ್ಕೆ ಹಾಳುಬಿದ್ದ ಹೊಲದಲ್ಲಿ ಪೈರು ಏಳುವದಿಲ್ಲ. ಆ ದೇಶದ ಕೆಲವು ಸೀಮೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಇಲ್ಲದೆ ಹೋಗಿದ್ದರು. ಗೆರ್ಹಾರ್ಟನು ಆ ಸಮಾಧಾನಕ್ಕಾಗಿ ಒಂದು ಸ್ತೋತ್ರಗೀತೆಯನ್ನು ರಚಿಸಿದನು. ಅದರಲ್ಲಿ ಆತನು ದೇವರನ್ನು ಕೊಂಡಾಡುವದರ ಸಂಗಡ, ಹಾಳಾದ ಊರುಗಳನ್ನೂ ಸತ್ತವರ ಸಮಾಧಿಗಳನ್ನೂ ಮರೆಯದೆ ಜ್ಞಾಪಿಸಿಕೊಂಡನು. ಐದು ವರುಷಗಳ ಮೇಲೆ, ೧೬೫೩ರಲ್ಲಿ, ಬೇಸಿಗೆಯ ಸೊಬಗನ್ನು ಕುರಿತ ಆತನ ಇನ್ನೊಂದು ಗೀತೆಯು ಅಚ್ಚಾಯಿತು. ಜರ್ಮನಿಯಲ್ಲಿ ಬೇಸಿಗೆಯೆಂದರೆ ನಮ್ಮ ಹಾಗೆ ಸುಡುವ ಕಾಲವಲ್ಲ. ಚಳಿಗಾಲದ ಹಿಮ ಕರಗಿ ಭೂಮಿಯು ಹಸುರಾಗುವ ಕಾಲ. ಆ ಗೀತೆಯಲ್ಲಿ ಮರಿಗಳನ್ನು ಕರೆದುಕೊಂಡು ಬರುವ ಕೋಳಿಯೂ, ಹುಲ್ಲುಗಾವಲಿನ ನಡುವೆ ಹರಿಯುವ ಹಳ್ಳವೂ, ಹೂವಿಂದ ಹೂವಿಗೆ ಹಾರುವ ಜೇನೂ, ಎದ್ದು ನಿಲ್ಲುವ ಗೋದಿಯ ಪೈರೂ ಬರುತ್ತವೆ. ಇವೆಲ್ಲವುಗಳಿಂದ ಆತನು ನಮ್ಮ ಮನಸ್ಸನ್ನು ದೇವರ ಪರಲೋಕದ ತೋಟದ ಕಡೆಗೆ ತಿರುಗಿಸುತ್ತಾನೆ. ದಂಡುಗಳು ತುಳಿದು ಹೋದ ಹೊಲಗಳನ್ನು ಬಾಲ್ಯದಿಂದ ಕಂಡ ಕಣ್ಣುಗಳು ಆ ಮೊದಲ ಗೋದಿಯ ತೆನೆಯನ್ನು ಹೇಗೆ ನೋಡಿರಬೇಕೆಂಬದನ್ನು ಬರಗಾಲ ಕಂಡ ರೈತನೇ ಬಲ್ಲನು. ಮನೆಯಲ್ಲಿ ಹಣವಿಲ್ಲದವನಿಗೂ ಅಂಗಳದ ಕೋಳಿಯು ದೇವರ ಪರಾಮರಿಕೆಯನ್ನು ಸಾರಬಹುದೆಂದು ಆತನು ಕಂಡುಕೊಂಡನು.

ಅಷ್ಟರಲ್ಲಿ, ೧೬೫೧ರಲ್ಲಿ, ಬೆರ್ಲಿನಿನ ದಕ್ಷಿಣಕ್ಕಿರುವ ಮಿಟ್ಟೆನ್‌ವಾಲ್ಡೆ ಎಂಬ ಚಿಕ್ಕ ಊರಿನ ಸಭೆಗೆ ಆತನನ್ನು ಕರೆದಿದ್ದರು. ಸಭಾಪಾಲಕನಾಗಿ ದೀಕ್ಷೆ ಹೊಂದಿದಾಗ ಆತನಿಗೆ ನಾಲ್ವತ್ತನಾಲ್ಕು ವರುಷ. ಅಲ್ಲಿದ್ದಾಗಲೇ, ೧೬೫೩ರ ಅದೇ ಸಂಗೀತ ಪುಸ್ತಕದಲ್ಲಿ, ಆತನ ೮೦ಕ್ಕೂ ಹೆಚ್ಚು ಗೀತೆಗಳು ಪ್ರಕಟವಾದವು. ಅವುಗಳಲ್ಲಿ ಒಂದನ್ನು ನಾವು ವಿಶೇಷವಾಗಿ ಗಮನಿಸಬೇಕು. ಮೂವತ್ತೇಳನೆಯ ಕೀರ್ತನೆಯ ಐದನೆಯ ವಚನದಲ್ಲಿ ನಮ್ಮ ಮಾರ್ಗವನ್ನು ದೇವರಿಗೆ ಒಪ್ಪಿಸಿ ಆತನಲ್ಲಿ ಭರವಸವಿಡಬೇಕೆಂಬ ಉಪದೇಶವುಂಟಷ್ಟೆ. ಗೆರ್ಹಾರ್ಟನು ಆ ವಚನದ ಮಾತುಗಳನ್ನು ಬಿಡಿಬಿಡಿಯಾಗಿ ತಕ್ಕೊಂಡು, ಒಂದೊಂದರಿಂದ ಒಂದೊಂದು ಚರಣವನ್ನು ಆರಂಭಿಸಿ, ಹನ್ನೆರಡು ಚರಣಗಳ ಒಂದು ಗೀತೆಯನ್ನು ಕಟ್ಟಿದನು. ಚರಣಗಳ ಮೊದಲನೆಯ ಮಾತುಗಳನ್ನು ಕೂಡಿಸಿ ಓದಿದರೆ ಕೀರ್ತನೆಯ ವಚನವೇ ದೊರೆಯುತ್ತದೆ. ಅಕ್ಷರ ಬಾರದವರೂ ಆ ಗೀತೆಯನ್ನು ಕಲಿತರೆ ದೇವರ ವಾಕ್ಯವೂ ಅದರೊಡನೆ ಅವರ ಹೃದಯದಲ್ಲಿ ಉಳಿಯುವಂತಾಯಿತು. ಈ ಗೀತೆಯ ಇಸವಿಯನ್ನು ನೆನಪಿನಲ್ಲಿಟ್ಟುಕೊಳ್ಳಿರಿ. ಮುಂದೆ ಅದರಿಂದ ಒಂದು ಪಾಠವನ್ನು ಕಲಿಯಲಿಕ್ಕುಂಟು.

೧೬೫೫ರಲ್ಲಿ ಆತನು ವಕೀಲ ಬೆರ್ತೋಲ್ಡನ ಮಗಳಾದ ಅನ್ನಾ ಮರಿಯಾ ಎಂಬವಳನ್ನು ಮದುವೆಯಾದನು. ನಾಲ್ವತ್ತೇಳು ವರುಷ ಕಳೆದ ಮೇಲೆ ಆತನಿಗೆ ತನ್ನದೆಂಬ ಮನೆ ಆಯಿತು. ಮರುವರುಷ ಮರಿಯಾ ಎಲಿಸಬೆತ್ ಎಂಬ ಹೆಣ್ಣುಮಗುವು ಹುಟ್ಟಿತು. ಆದರೆ ಆ ಮಗುವು ಒಂದು ವರುಷವನ್ನೂ ತುಂಬದೆ, ೧೬೫೭ರ ಜನವರಿಯಲ್ಲಿ ತೀರಿಹೋಯಿತು. ತಂದೆತಾಯಿಗಳು ಆಲಯದಲ್ಲಿ ಆ ಮಗುವಿನ ನೆನಪಿಗಾಗಿ ಒಂದು ಫಲಕವನ್ನಿಡಿಸಿದರು. ಅದರ ಮೇಲೆ ಬರೆಸುವದಕ್ಕೆ ಅವರು ಆರಿಸಿಕೊಂಡದ್ದು ಯಾಕೋಬನು ಫರೋಹನ ಮುಂದೆ ನಿಂತು ತನ್ನ ಜೀವಮಾನದ ದಿನಗಳು ಕೊಂಚವಾಗಿಯೂ ದುಃಖಕರವಾಗಿಯೂ ಇದ್ದವೆಂದು ಹೇಳಿಕೊಂಡ ವಚನ. ಪ್ರಿಯರೇ, ಇಲ್ಲಿ ಸ್ವಲ್ಪ ನಿಂತು ನೋಡೋಣ. ಸಂತೋಷದ ಗೀತೆಗಳನ್ನು ಬರೆದ ಮನುಷ್ಯನೇ ಮಗುವಿನ ಸಮಾಧಿಯ ಬಳಿಯಲ್ಲಿ ಇಷ್ಟು ಕಹಿಯಾದ ವಚನವನ್ನು ಬರೆಸಿದನು. ಆತನು ಅಳುವದಕ್ಕೆ ನಾಚಲಿಲ್ಲ. ದುಃಖವನ್ನು ದುಃಖವಲ್ಲವೆಂದು ಹೇಳುವದು ನಂಬಿಕೆಯಲ್ಲ. ಆ ದುಃಖವನ್ನು ದೇವರ ಮುಂದೆ, ದೇವರ ವಾಕ್ಯದ ಮಾತುಗಳಿಂದಲೇ, ಬಿಚ್ಚಿ ಹೇಳುವದು ನಂಬಿಕೆ. ನಮ್ಮ ಕರ್ತನೂ ಲಾಜರನ ಸಮಾಧಿಯ ಬಳಿಯಲ್ಲಿ ಕಣ್ಣೀರು ಬಿಟ್ಟನಲ್ಲವೇ?

ಅದೇ ೧೬೫೭ರಲ್ಲಿ ಬೆರ್ಲಿನಿನ ನಿಕೊಲಾಯ ಸಭೆಯವರು ಆತನನ್ನು ತಮ್ಮ ಸಭಾಪಾಲಕರಲ್ಲೊಬ್ಬನಾಗಿ ಕರೆದರು. ಜನರು ಆತನನ್ನು ಬಹಳವಾಗಿ ಪ್ರೀತಿಸಿದರು. ಅಲ್ಲಿ ಕೆಲವು ವರುಷ ಕಳೆದ ಮೇಲೆ ಒಂದು ಹೊಸ ಶೋಧನೆಯು ಬಂತು. ಬ್ರಾಂಡೆನ್‌ಬುರ್ಗ್ ಸೀಮೆಯ ದೊರೆಯಾದ ಫ್ರೀಡ್ರಿಕ್ ವಿಲ್ಹೆಲ್ಮನು ಕಾಲ್ವಿನನ ಉಪದೇಶವನ್ನು ಅನುಸರಿಸುವ ಸಭೆಗೆ ಸೇರಿದವನು. ಪ್ರಜೆಗಳಲ್ಲಿ ಹೆಚ್ಚಿನವರು ಲೂಥರನ ಉಪದೇಶವನ್ನು ಅನುಸರಿಸುವವರು. ಎರಡು ಪಕ್ಷದ ಬೋಧಕರೂ ಪೀಠದ ಮೇಲಿಂದ ಒಬ್ಬರನ್ನೊಬ್ಬರು ನಿಂದಿಸುತ್ತಿದ್ದದರಿಂದ, ದೊರೆಯು ೧೬೬೪ರಲ್ಲಿ ಆ ನಿಂದೆಯನ್ನು ನಿಷೇಧಿಸಿ, ಬೋಧಕರೆಲ್ಲರೂ ಅದಕ್ಕೆ ಒಪ್ಪಿ ರುಜು ಹಾಕಬೇಕೆಂದು ಆಜ್ಞೆ ಮಾಡಿದನು. ದೊರೆಯ ಉದ್ದೇಶವು ಸಮಾಧಾನವೇ. ಗೆರ್ಹಾರ್ಟನೂ ಪೀಠದಿಂದ ಯಾರನ್ನೂ ಬೈದವನಲ್ಲ, ಸೌಮ್ಯಗುಣಕ್ಕೆ ಹೆಸರಾದವನು. ಆದರೂ ಆ ಕಾಗದಕ್ಕೆ ರುಜು ಹಾಕಿದರೆ ತಾನು ದೀಕ್ಷೆಯ ಸಮಯದಲ್ಲಿ ಕೈಕೊಂಡ ಲೂಥರನ ಸಭೆಯ ವಿಶ್ವಾಸಪ್ರಮಾಣವನ್ನು ಬಿಟ್ಟುಕೊಟ್ಟ ಹಾಗಾಗುವದೆಂದು ಆತನ ಮನಸ್ಸಾಕ್ಷಿ ಹೇಳಿತು. ಆತನು ರುಜು ಹಾಕಲಿಲ್ಲ. ಆ ಎರಡು ಪಕ್ಷದ ಸಭೆಗಳು ಯೂರೋಪಿನಲ್ಲಿ ೧೯೭೩ರಲ್ಲಿ ಲೊಯೆನ್‌ಬೆರ್ಗ್ ಒಡಂಬಡಿಕೆಯ ಮೂಲಕ ಒಂದೇ ಕರ್ತನ ಮೇಜಿನಲ್ಲಿ ಐಕ್ಯಕ್ಕೆ ಬಂದವು. ಅದಕ್ಕಾಗಿ ನಾವು ದೇವರನ್ನು ಕೊಂಡಾಡುತ್ತೇವೆ. ಆ ಹಳೆಯ ವಾದದಲ್ಲಿ ಯಾರು ಎಷ್ಟು ಸರಿಯೆಂದು ತೀರ್ಪು ಹೇಳುವದು ನಮ್ಮ ಕೆಲಸವಲ್ಲ. ಆದರೆ ಸಂಬಳಕ್ಕಾಗಿ ಮನಸ್ಸಾಕ್ಷಿಯನ್ನು ಮಾರದವನೆಂದು ಆತನನ್ನು ನಾವು ಗೌರವಿಸಬಹುದು.

೧೬೬೬ರ ಫೆಬ್ರುವರಿಯಲ್ಲಿ ಗೆರ್ಹಾರ್ಟನನ್ನು ಉದ್ಯೋಗದಿಂದ ತೆಗೆದುಹಾಕಿದರು. ಆಗ ಆತನಿಗೆ ಐವತ್ತೆಂಟು ವರುಷ. ಹೆಂಡತಿಗೆ ದೇಹಾರೋಗ್ಯವಿರಲಿಲ್ಲ. ಹುಟ್ಟಿದ ಐದು ಮಕ್ಕಳಲ್ಲಿ ನಾಲ್ವರು ಶೈಶವದಲ್ಲಿಯೇ ತೀರಿಹೋಗಿ, ೧೬೬೨ರಲ್ಲಿ ಹುಟ್ಟಿದ ಪೌಲ್ ಫ್ರೀಡ್ರಿಕ್ ಎಂಬ ಒಬ್ಬ ಮಗನು ಮಾತ್ರ ಬದುಕಿ ಬೆಳೆದನು. ಇಂಥ ಸ್ಥಿತಿಯಲ್ಲಿ ಆತನ ಸಹಾಯಕ್ಕೆ ಬಂದವರು ಯಾರು? ದೊಡ್ಡ ಪಂಡಿತರಿಗಿಂತ ಮುಂಚೆ ಊರಿನ ಕೈಗೆಲಸದವರೇ ಬಂದರು. ಬಟ್ಟೆ ನೇಯುವವರು, ರೊಟ್ಟಿ ಸುಡುವವರು, ಮಾಂಸ ಮಾರುವವರು, ದರ್ಜಿಗಳು ತಂತಮ್ಮ ಸಂಘಗಳ ಮೂಲಕ ನಗರಸಭೆಯ ಮುಂದೆ ಹೋಗಿ, ಈ ಸಭಾಪಾಲಕನು ಯಾರನ್ನೂ ನೋಯಿಸಿದವನಲ್ಲವೆಂದೂ ಆತನನ್ನು ತಮಗೆ ತಿರಿಗಿ ಕೊಡಬೇಕೆಂದೂ ಬೇಡಿಕೊಂಡರು. ಸಭೆಯ ಸ್ನೇಹಿತರು ಆತನ ಮನೆಗೆ ಬೇಕಾದದ್ದನ್ನು ಒದಗಿಸಿಕೊಟ್ಟರು. ಎಲೀಯನಿಗೆ ಕಾಗೆಗಳ ಮೂಲಕ ರೊಟ್ಟಿಯನ್ನು ಕಳುಹಿಸಿದ ದೇವರು ಈ ಸೇವಕನಿಗೆ ನೆರೆಯವರ ಕೈಯಿಂದಲೇ ಅದನ್ನು ಕಳುಹಿಸಿದನು. ಅದೇ ಕಾಲದಲ್ಲಿ, ಕ್ರ್ಯೂಗರನ ತರುವಾಯ ಸಂಗೀತಾಧ್ಯಕ್ಷನಾಗಿ ಬಂದ ಯೋಹಾನ್ ಗೆಯೋರ್ಗ್ ಎಬೆಲಿಂಗನು ಗೆರ್ಹಾರ್ಟನ ೧೨೦ ಗೀತೆಗಳನ್ನು ಒಟ್ಟುಗೂಡಿಸಿ, ೧೬೬೬ ಮತ್ತು ೧೬೬೭ರಲ್ಲಿ ಹನ್ನೆರಡು ಹನ್ನೆರಡಾಗಿ ಹತ್ತು ಭಾಗಗಳಲ್ಲಿ ಅಚ್ಚು ಹಾಕಿಸಿದನು. ಪೀಠದ ಮೇಲೆ ಆತನ ಬಾಯಿ ಮುಚ್ಚಲ್ಪಟ್ಟ ದಿನಗಳಲ್ಲಿಯೇ ಆತನ ಗೀತೆಗಳು ದೇಶಕ್ಕೆಲ್ಲಾ ಹರಡಿದವು.

ಜನರ ಮೊರೆಯನ್ನು ಕೇಳಿ ದೊರೆಯು ೧೬೬೭ರಲ್ಲಿ ರುಜು ಇಲ್ಲದೆಯೇ ಆತನನ್ನು ತಿರಿಗಿ ನೇಮಿಸಲು ಒಪ್ಪಿದನು. ಆದರೆ ರುಜು ಹಾಕದಿದ್ದರೂ ಆ ಆಜ್ಞೆಯ ಪ್ರಕಾರವೇ ನಡೆಯುವನೆಂಬ ನಿರೀಕ್ಷೆಯು ಅದರೊಂದಿಗಿತ್ತು. ಗೆರ್ಹಾರ್ಟನ ಮನಸ್ಸು ಒಪ್ಪದೆ ಆತನು ಆ ಉದ್ಯೋಗವನ್ನು ತಾನೇ ಬಿಟ್ಟುಬಿಟ್ಟನು. ೧೬೬೮ರ ಮಾರ್ಚಿನಲ್ಲಿ ಅನ್ನಾ ಮರಿಯಾ ತೀರಿಹೋದಳು. ಅವರ ದಾಂಪತ್ಯವು ಹದಿಮೂರು ವರುಷ ಮಾತ್ರ ನಡೆಯಿತು. ಆರು ವರುಷದ ಒಬ್ಬ ಮಗನನ್ನು ಕೈಹಿಡಿದುಕೊಂಡು, ಉದ್ಯೋಗವಿಲ್ಲದೆ, ಅರುವತ್ತು ದಾಟಿದ ಈ ಮನುಷ್ಯನು ಒಬ್ಬಂಟಿಗನಾದನು.

ಇಲ್ಲಿ ಒಂದು ಪ್ರಸಿದ್ಧವಾದ ಕಥೆಯನ್ನು ಹೇಳಬೇಕು. ಬೆರ್ಲಿನಿನಿಂದ ಹೊರಗೆ ಹಾಕಲ್ಪಟ್ಟ ಗೆರ್ಹಾರ್ಟನು ಹೆಂಡತಿಮಕ್ಕಳೊಡನೆ ನಡೆಯುತ್ತಾ ಒಂದು ಸಂಜೆ ಒಂದು ವಸತಿಗೃಹಕ್ಕೆ ಬಂದನಂತೆ. ಹೆಂಡತಿಯು ಮುಂದೇನು ಗತಿಯೆಂದು ಅತ್ತಾಗ ಆತನು ಮೂವತ್ತೇಳನೆಯ ಕೀರ್ತನೆಯಿಂದ ಅವಳನ್ನು ಸಂತೈಸಿ, ತೋಟದಲ್ಲಿ ಕೂತು ಆ ಹನ್ನೆರಡು ಚರಣಗಳ ಗೀತೆಯನ್ನು ಬರೆದನಂತೆ. ಅದೇ ರಾತ್ರಿ ಒಬ್ಬ ಪ್ರಭುವಿನ ದೂತರು ಹೊಸ ಉದ್ಯೋಗದ ಪತ್ರವನ್ನು ಹಿಡಿದುಕೊಂಡು ಬಂದರಂತೆ. ಈ ಕಥೆಯನ್ನು ಅನೇಕ ಪುಸ್ತಕಗಳಲ್ಲಿ ಬರೆದಿದ್ದಾರೆ, ಅನೇಕ ಪ್ರಸಂಗಗಳಲ್ಲಿ ಹೇಳಿದ್ದಾರೆ. ಆದರೆ ಇದು ನಿಜವಲ್ಲ. ಆ ಗೀತೆಯು ೧೬೫೩ರಲ್ಲಿಯೇ, ಆತನ ಮದುವೆಗೆ ಎರಡು ವರುಷ ಮೊದಲೇ, ಅಚ್ಚಾಗಿತ್ತು. ಬೆರ್ಲಿನನ್ನು ಬಿಟ್ಟುಹೋಗುವಾಗ ಹೆಂಡತಿಯು ಬದುಕಿರಲೂ ಇಲ್ಲ. ಸತ್ಯದ ದೇವರನ್ನು ಸೇವಿಸುವ ನಾವು ಎಷ್ಟು ಸವಿಯಾದ ಕಥೆಯಾದರೂ ಸುಳ್ಳನ್ನು ಆಧಾರಮಾಡಿಕೊಳ್ಳಬಾರದು.

ಆದರೆ ನಿಜವಾದ ಚರಿತ್ರೆಯು ಆ ಕಥೆಗಿಂತಲೂ ಬಲವಾದ ಪಾಠವನ್ನು ನಮಗೆ ಕಲಿಸುತ್ತದೆ. ಕಥೆಯಲ್ಲಿ ಕಷ್ಟವು ಸಂಜೆ ಬಂದು ರಾತ್ರಿಯೇ ಹೋಗುತ್ತದೆ. ನಮ್ಮ ಕಷ್ಟಗಳು ಹಾಗೆ ಹೋಗುವದಿಲ್ಲ. ಗೆರ್ಹಾರ್ಟನ ಕಷ್ಟಗಳೂ ಹಾಗೆ ಹೋಗಲಿಲ್ಲ. ಆತನು ತನ್ನ ಮಾರ್ಗವನ್ನು ದೇವರಿಗೆ ಒಪ್ಪಿಸುವ ಗೀತೆಯನ್ನು ಮೊದಲು ಬರೆದನು. ಮಗುವಿನ ಸಾವು, ಉದ್ಯೋಗದ ನಷ್ಟ, ಹೆಂಡತಿಯ ಸಾವು ಇವೆಲ್ಲವೂ ಆಮೇಲೆ ಬಂದವು. ತಾನೇ ಬರೆದ ಮಾತುಗಳಂತೆ ಆತನು ಬದುಕಬೇಕಾಯಿತು. ಹಿಂದಿನ ಕಾಲದಲ್ಲಿ ನಮ್ಮ ಹಿರಿಯರು ಸುಗ್ಗಿ ಮುಗಿದೊಡನೆ ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ಮಣ್ಣು ಬಳಿಯುತ್ತಿದ್ದರು. ಬರ ಬಂದ ಮೇಲೆ ಹಗೇವನ್ನು ತೋಡಿದರೆ ಏನು ಪ್ರಯೋಜನ? ಕಾಳು ಇರುವಾಗಲೇ ತುಂಬಿಡಬೇಕು. ದೇವರ ಮೇಲಿನ ಭರವಸವೂ ಹಾಗೆಯೇ. ಗೆರ್ಹಾರ್ಟನು ತಬ್ಬಲಿಯಾಗಿದ್ದಾಗಲೂ, ಉದ್ಯೋಗಕ್ಕಾಗಿ ಕಾದುಕೊಂಡಿದ್ದಾಗಲೂ, ದಿನದಿನಕ್ಕೆ ಒಂದಿಷ್ಟಾಗಿ ದೇವರ ವಾಕ್ಯವನ್ನು ಒಳಗೆ ತುಂಬಿಕೊಂಡನು. ಅದಕ್ಕಿಂತ ದೊಡ್ಡ ಬರವು ಬಂದಾಗ ತೆಗೆಯುವದಕ್ಕೆ ಆತನ ಹಗೇವಿನಲ್ಲಿ ಕಾಳಿತ್ತು.

ಆತನ ಕಡೆಯ ವರುಷಗಳನ್ನೂ ಸಂಕ್ಷೇಪವಾಗಿ ಹೇಳುತ್ತೇವೆ. ೧೬೬೮ರಲ್ಲಿ ಲ್ಯುಬ್ಬೆನ್ ಎಂಬ ಊರಿನವರು ಆತನನ್ನು ತಮ್ಮ ಸಭಾಪಾಲಕನಾಗಿ ಆರಿಸಿಕೊಂಡರು. ಅದು ಬ್ರಾಂಡೆನ್‌ಬುರ್ಗಿನ ದೊರೆಯ ಆಳಿಕೆಗೆ ಸೇರದ ಊರಾದದರಿಂದ ರುಜುವಿನ ಪ್ರಶ್ನೆ ಅಲ್ಲಿರಲಿಲ್ಲ. ೧೬೬೯ರಲ್ಲಿ ಆತನು ಮಗನೊಡನೆ ಅಲ್ಲಿಗೆ ಹೋಗಿ ಏಳು ವರುಷ ಸೇವೆ ಮಾಡಿದನು. ಮರಣಕ್ಕೆ ಮುಂಚೆ ಮಗನಿಗಾಗಿ ಒಂದು ಬುದ್ಧಿವಾದದ ಪತ್ರವನ್ನು ಬರೆದಿಟ್ಟನು. ತಾನು ಬಿಟ್ಟುಹೋಗುವ ಆಸ್ತಿ ಬಹಳ ಕೊಂಚವೆಂದೂ, ಆದರೆ ಮಗನು ನಾಚಿಕೊಳ್ಳಬೇಕಾಗದ ಒಳ್ಳೇ ಹೆಸರನ್ನು ಬಿಟ್ಟುಹೋಗುತ್ತೇನೆಂದೂ, ಹಣದಾಸೆಗೆ ಒಳಗಾಗದೆ ಪ್ರಾರ್ಥನೆಯಲ್ಲಿ ನಿಂತು ನಂಬಿಕೆಯಲ್ಲಿ ಸ್ಥಿರವಾಗಿರಬೇಕೆಂದೂ ಅದರ ತಾತ್ಪರ್ಯ. ೧೬೭೬ನೆಯ ಇಸವಿ ಮೇ ೨೭ರಂದು, ಅರುವತ್ತೊಂಬತ್ತು ವರುಷದವನಾಗಿ ಆತನು ಕರ್ತನಲ್ಲಿ ನಿದ್ರೆಹೋದನು. ಮರಣವು ವಿಶ್ವಾಸಿಯನ್ನು ಗೆಲ್ಲಲಾರದೆಂಬ ತನ್ನದೇ ಗೀತೆಯ ಒಂದು ಚರಣವನ್ನು ಹೇಳುತ್ತಾ ಪ್ರಾಣಬಿಟ್ಟನೆಂದು ಹೇಳಿಕೆಯುಂಟು. ಲ್ಯುಬ್ಬೆನಿನ ಆಲಯದಲ್ಲಿ ಆತನ ಚಿತ್ರಪಟವೊಂದಿದೆ. ಆತನು ಸೈತಾನನ ಜರಡಿಯಲ್ಲಿ ಹಾಕಿ ಜಾಲಿಸಲ್ಪಟ್ಟ ದೇವಜ್ಞಾನಿಯೆಂದು ಅದರ ಮೇಲೆ ಲತೀನ್ ಭಾಷೆಯಲ್ಲಿ ಬರೆದದೆ. ಜರಡಿ ಹಿಡಿದು ಬಲ್ಲ ನಮ್ಮ ಹೆಣ್ಣುಮಕ್ಕಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ: ಹೊಟ್ಟು ಹೋಗುತ್ತದೆ, ಕಾಳು ಉಳಿಯುತ್ತದೆ. ಆ ಆಲಯವು ಈಗ ಆತನ ಹೆಸರನ್ನೇ ಹೊಂದಿದೆ.

ಆತನು ಬಿಟ್ಟುಹೋದ ೧೩೦ಕ್ಕೂ ಹೆಚ್ಚು ಗೀತೆಗಳು ಆತನ ಸಂಗಡ ಸಾಯಲಿಲ್ಲ. ಆ ಹನ್ನೆರಡು ಚರಣಗಳ ಗೀತೆಯನ್ನು ಜಾನ್ ವೆಸ್ಲಿಯು ಇಂಗ್ಲಿಷಿಗೆ ತಂದು ೧೭೩೯ರಲ್ಲಿ ಪ್ರಕಟಿಸಿದನು. ಕ್ರಿಸ್ತನ ಗಾಯಗೊಂಡ ಶಿರಸ್ಸನ್ನು ಕುರಿತು ಆತನು ಬರೆದ ಗೀತೆಯ ಚರಣಗಳನ್ನು ಸಂಗೀತಗಾರನಾದ ಬಾಖನು ಮತ್ತಾಯನ ಸುವಾರ್ತೆಯಿಂದ ರಚಿಸಿದ ಶ್ರಮಾಗಾನದಲ್ಲಿ ಸೇರಿಸಿದನು. ೧೯೪೩ರಲ್ಲಿ ಅದೇ ಬೆರ್ಲಿನ್ ಪಟ್ಟಣದ ಸೆರೆಮನೆಯಲ್ಲಿ ಡೀಟ್ರಿಕ್ ಬೊನ್‌ಹೋಫರ್ ಎಂಬ ಸಭಾಪಾಲಕನು ಗೆರ್ಹಾರ್ಟನ ಗೀತೆಗಳನ್ನು ಬಾಯಿಪಾಠ ಮಾಡಿಕೊಂಡು ಅವುಗಳಿಂದ ಬಲಹೊಂದಿದನು. ೧೯೪೫ರ ಏಪ್ರಿಲಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ನಮಗೂ ಈ ಬಾಧ್ಯತೆಯಲ್ಲಿ ಪಾಲುಂಟು. ೧೮೩೪ರಲ್ಲಿ ಬಾಸೆಲ್ ಮಿಶನಿನ ಬೋಧಕರು ಮಂಗಳೂರಿಗೆ ಬಂದಾಗ, ಅವರ ಸಂಗಡ ಜರ್ಮನ್ ಸಭೆಗಳ ಹಳೆಯ ರಾಗಗಳೂ ಹಡಗಿಳಿದವು. ಆ ರಾಗಗಳನ್ನು ಕನ್ನಡದ ಮಾತುಗಳಲ್ಲಿ ಹಾಡುವ ಸಭೆಗಳು ನಮ್ಮ ನಾಡಿನಲ್ಲಿ ಇಂದಿಗೂ ಇವೆ. ಆ ರಾಗಗಳಲ್ಲಿ ಎಷ್ಟೋ ಬರಗಾಲದವರೂ ಯುದ್ಧದಲ್ಲಿ ಮನೆ ಕಳಕೊಂಡವರೂ ಹಾಡಿದಂಥವುಗಳೆಂದು ನಾವು ಹಾಡುವಾಗ ನೆನಸಿಕೊಳ್ಳುವದು ಒಳ್ಳೇದು.

ಹೀಗಿರುವಲ್ಲಿ ನಾವು ಮಾಡತಕ್ಕದ್ದೇನು? ಮನೆಯಲ್ಲಿ ಸಾಯಂಕಾಲದ ಪ್ರಾರ್ಥನೆಯನ್ನು ಬಿಡದಿರೋಣ. ಮಕ್ಕಳಿಗೆ ಒಂದೊಂದು ಕೀರ್ತನೆಯನ್ನೂ ಒಂದೊಂದು ಸಂಗೀತವನ್ನೂ ಈಗಲೇ ಬಾಯಿಪಾಠ ಮಾಡಿಸೋಣ. ಅವರ ಕಷ್ಟದ ದಿನವು ಯಾವಾಗ ಬರುವದೆಂದು ನಮಗೆ ತಿಳಿಯದು, ಆಗ ನಾವು ಅವರ ಬಳಿಯಲ್ಲಿ ಇರಲಿಕ್ಕಿಲ್ಲ. ಸಭೆಯಲ್ಲಿ ಯಾರ ಮನೆಯಲ್ಲಾದರೂ ಒಲೆ ಹತ್ತಲಿಲ್ಲವೆಂದು ತಿಳಿದರೆ, ಅಲ್ಲಿಗೆ ಬರಿಗೈಯಲ್ಲಿ ಹೋಗಿ ಸಂತೋಷವಾಗಿರೆಂದು ಉಪದೇಶ ಮಾಡದೆ, ಬೆರ್ಲಿನಿನ ನೇಕಾರರ ಹಾಗೂ ದರ್ಜಿಗಳ ಹಾಗೆ ಸೆರಗಿನಲ್ಲಿ ಒಂದು ಸೇರು ಜೋಳವನ್ನು ಕಟ್ಟಿಕೊಂಡು ಹೋಗೋಣ. ಆಮೇಲೆ ಅವರ ಸಂಗಡ ಕೂತು ಪ್ರಾರ್ಥಿಸೋಣ. ಅಳುವವರನ್ನು ಅಳಗೊಡಿಸೋಣ. ನಿಮ್ಮ ದೇವರು ಏನು ಕೊಟ್ಟನೆಂದು ಕೇಳುವವರಿಗೆ, ಆತನು ತನ್ನ ಒಬ್ಬನೇ ಮಗನನ್ನು ನಮಗಾಗಿ ಕೊಟ್ಟನೆಂದೂ, ನಾವು ಕಷ್ಟದಲ್ಲಿರುವಾಗ ನಮ್ಮನ್ನು ಬಿಟ್ಟುಹೋಗದ ಸಹೋದರರನ್ನು ಕೊಟ್ಟನೆಂದೂ ಸಾವಧಾನವಾಗಿ ಹೇಳೋಣ.

ಈ ಸಂಚಿಕೆಯು ನಿಮ್ಮ ಕೈಸೇರುವಾಗ ನಿಮ್ಮಲ್ಲಿ ಕೆಲವರ ಮನೆಯ ಕಣಜವು ತುಂಬಿರಬಹುದು, ಕೆಲವರದು ಬರಿದಾಗಿರಬಹುದು. ತುಂಬಿದವರು ಬರಿದಾದವರನ್ನು ಮರೆಯದಿರಲಿ. ಬರಿದಾದವರು ತಮ್ಮ ಮಾರ್ಗವನ್ನು ಕರ್ತನಿಗೆ ಒಪ್ಪಿಸಿ, ಮೆಲ್ಲನೆಯಾದರೂ, ಅಳುತ್ತಾ ಆದರೂ, ಹಾಡಲಿ. ಜರಡಿಯನ್ನು ಹಿಡಿದವನು ಸೈತಾನನಾದರೂ ಕಾಳನ್ನು ಕಾಯುವವನು ನಮ್ಮ ಕರ್ತನೇ. ಆತನಿಗೆ ಎಂದೆಂದಿಗೂ ಸ್ತೋತ್ರವಾಗಲಿ. ಆಮೆನ್.